ಕೂಸಿನ ಭಂಗಿ ಮತ್ತು ರಕ್ತದ ಹರಿವು: ಮೊದಲ ತಿಂಗಳಿಗೊಂದು ಸಮಗ್ರ ಮಾರ್ಗದರ್ಶಿ

ಹುಟ್ಟಿದ ಕೂಸನ್ನು ಹೇಗೆ ಮಲಗಿಸಬೇಕು, ಹೇಗೆ ಎತ್ತಿಕೊಳ್ಳಬೇಕು, ಎಣ್ಣೆ ಹಚ್ಚಿ ಎರೆಯುವಾಗ ಹೇಗೆ ಹಿಡಿಯಬೇಕು ಎಂಬುದನ್ನೆಲ್ಲ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಬಾಣಂತಿಯ ಮನೆಗಳಲ್ಲಿ ಸಾಮಾನ್ಯವಾಗಿ ಅಜ್ಜಿಯೋ ಎರೆಯಲು ಬರುವ ಹಿರಿಯ ಹೆಂಗಸೋ ತೀರ್ಮಾನಿಸುತ್ತಾರೆ. ಅವರ ಕೈ ಪಳಗಿದ ಕೈ, ಅದರಲ್ಲಿ ಅನುಮಾನವಿಲ್ಲ. ಆದರೆ ಭಂಗಿ ಬದಲಾದಾಗಲೆಲ್ಲ ಕೂಸಿನ ಮೈಯೊಳಗೆ ರಕ್ತ ಹಂಚಿಕೆಯಾಗುವ ರೀತಿಯೂ ಬದಲಾಗುತ್ತದೆ ಎಂಬುದನ್ನು ಅವರಿಗಾಗಲಿ, ಎಳೆ ತಾಯಿಗಾಗಲಿ ಬಿಡಿಸಿ ಹೇಳುವವರು ಕಡಿಮೆ. ಇದರಿಂದ ಎರಡು ಬಗೆಯ ತೊಂದರೆಯಾಗುತ್ತದೆ. ತಾನಾಗಿಯೇ ಸರಿಹೋಗುವ ಬಣ್ಣದ ಬದಲಾವಣೆಯನ್ನು ಕಂಡು ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ, ನಿಜವಾಗಿ ಅಪಾಯದ ಬಣ್ಣ ಕಂಡಾಗ ಚಳಿಗೆ ಹೀಗಾಗಿದೆ ಎಂದು ಸುಮ್ಮನಾಗುತ್ತಾರೆ. ಹೀಗಾಗಿ ಮೊದಲು ಕೂಸಿನ ಬಣ್ಣವನ್ನು ನೋಡಲು ಕಲಿಯಬೇಕು, ಆಮೇಲೆ ಭಂಗಿಯನ್ನು ಸರಿಪಡಿಸಬೇಕು, ಭಂಗಿ ಸರಿಪಡಿಸಿದರೂ ಸರಿಹೋಗದ್ದನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು ಎಂಬ ಕ್ರಮದಲ್ಲಿ ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ.

ಹೊಸ ದಾರಿ ಹಿಡಿದ ರಕ್ತ

ಗರ್ಭದಲ್ಲಿದ್ದಾಗ ಕೂಸಿಗೆ ಆಮ್ಲಜನಕ ಸಿಗುವುದು ಮಾಸಿನಿಂದ, ಹೊಕ್ಕುಳಬಳ್ಳಿಯ ಮೂಲಕ. ಆಗ ಶ್ವಾಸಕೋಶಕ್ಕೆ ಕೆಲಸವಿಲ್ಲದ ಕಾರಣ ಅಲ್ಲಿಗೆ ಹರಿಯುವ ರಕ್ತ ಅಲ್ಪ. ಉಳಿದದ್ದು ಹೃದಯದ ಮೇಲಿನ ಎರಡು ಕೋಣೆಗಳ ನಡುವಣ ಕಿಂಡಿಯಿಂದಲೂ, ಶ್ವಾಸಕೋಶದ ಅಪಧಮನಿಯನ್ನು ಮಹಾಪಧಮನಿಗೆ ಸೇರಿಸುವ ಒಂದು ಅಡ್ಡನಾಳದಿಂದಲೂ ಪಕ್ಕದ ದಾರಿ ಹಿಡಿದು ಮೈಗೆ ಹೋಗುತ್ತದೆ. ಕೂಸು ಅತ್ತು ಮೊದಲ ಉಸಿರು ಎಳೆದುಕೊಂಡಾಗ ಶ್ವಾಸಕೋಶ ಹಿಗ್ಗಿ ಅಲ್ಲಿನ ರಕ್ತನಾಳಗಳು ಸಡಿಲವಾಗುತ್ತವೆ, ಬಳ್ಳಿ ಕಟ್ಟಿದ ಮೇಲೆ ಮೈಯ ಕಡೆಯ ಒತ್ತಡ ಏರುತ್ತದೆ, ಕಿಂಡಿಯ ಬಾಗಿಲು ಒತ್ತಿಕೊಳ್ಳುತ್ತದೆ. ಅಡ್ಡನಾಳ ಮಾತ್ರ ಒಮ್ಮೆಲೇ ಮುಚ್ಚುವುದಿಲ್ಲ. ತಿಂಗಳು ತುಂಬಿ ಹುಟ್ಟಿದ ಆರೋಗ್ಯವಂತ ಕೂಸಿನಲ್ಲಿ ಅದು ಸಾಮಾನ್ಯವಾಗಿ ಮೊದಲ 1ರಿಂದ 3 ದಿನಗಳಲ್ಲಿ ಬಿಗಿದುಕೊಂಡು ಮುಚ್ಚುತ್ತದೆ, ಅವಧಿಗೆ ಮುನ್ನ ಹುಟ್ಟಿದ ಕೂಸಿನಲ್ಲಿ ಹೆಚ್ಚು ದಿನ ತೆರೆದೇ ಇರಬಹುದು.

ಇನ್ನೊಂದು ಲೆಕ್ಕ ನೆನಪಿರಲಿ. ನವಜಾತ ಶಿಶುವಿನ ಮೈಯಲ್ಲಿ ಪ್ರತಿ ಕಿಲೋ ತೂಕಕ್ಕೆ 80ರಿಂದ 85 ಮಿಲಿ ಲೀಟರ್‌ನಷ್ಟು ರಕ್ತವಿರುತ್ತದೆ. ಎರಡೂವರೆ ಕಿಲೋ ಕೂಸಿನಲ್ಲಿ ಇರುವುದು ಸುಮಾರು 200 ಮಿಲಿ ಲೀಟರ್, ನಾವು ನೀರು ಕುಡಿಯುವ ಒಂದು ಸಾಧಾರಣ ಲೋಟದಷ್ಟು. ಆ ರಕ್ತವನ್ನು ಪುಟ್ಟ ಹೃದಯ ನಿಮಿಷಕ್ಕೆ 120ರಿಂದ 160 ಬಾರಿ ಬಡಿದು ಮೈತುಂಬ ತಿರುಗಿಸುತ್ತದೆ. ಗಾಢ ನಿದ್ರೆಯಲ್ಲಿ ಬಡಿತ 100ರ ಆಸುಪಾಸಿಗೆ ಇಳಿಯುವುದೂ ಅಳುವಾಗ 180ರವರೆಗೆ ಏರುವುದೂ ಉಂಟು. ದೊಡ್ಡವರು ಮಲಗಿದವರು ಎದ್ದು ಕುಳಿತಾಗ ರಕ್ತನಾಳಗಳು ತಕ್ಷಣ ಬಿಗಿದುಕೊಂಡು ರಕ್ತ ಕಾಲಿಗೆ ಇಳಿಯದಂತೆ ತಡೆಯುತ್ತವೆ. ಹಸುಗೂಸಿನಲ್ಲಿ ಈ ಹಿಡಿತ ಹುಟ್ಟಿದಾಗಲೇ ಇದ್ದರೂ ಇನ್ನೂ ಬಲಿತಿರುವುದಿಲ್ಲ. ಮುಂದೆ ಹೇಳುವುದಕ್ಕೆಲ್ಲ ಬುಡ ಇದೇ.

ಹೆರಿಗೆ ಕೋಣೆಯಲ್ಲಿ: ಬಳ್ಳಿ ಕತ್ತರಿಸುವ ಮುಂಚೆ

ಹುಟ್ಟಿದ ಕೂಡಲೇ ಬಳ್ಳಿ ಕತ್ತರಿಸದೆ ಕನಿಷ್ಠ 1 ನಿಮಿಷ ಕಾಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೂರು ನಿಮಿಷದವರೆಗೆ ಕಾದರೆ ಮಾಸಿನಲ್ಲಿ ಉಳಿದಿರುವ ರಕ್ತದಲ್ಲಿ 80ರಿಂದ 100 ಮಿಲಿ ಲೀಟರ್‌ನಷ್ಟು ಕೂಸಿಗೆ ಸೇರುತ್ತದೆ. ಅದರ ಒಟ್ಟು ರಕ್ತದ ಲೆಕ್ಕಕ್ಕೆ ಹೋಲಿಸಿದರೆ ಇದು ದೊಡ್ಡ ಪಾಲು, ಮುಂದಿನ ತಿಂಗಳುಗಳಲ್ಲಿ ರಕ್ತಹೀನತೆಯನ್ನು ತಡೆಯುವ ಪಾಲು. ತಾಯಂದಿರಲ್ಲಿ ರಕ್ತಹೀನತೆ ವ್ಯಾಪಕವಾಗಿರುವ ನಮ್ಮ ಭಾಗದಲ್ಲಿ ಈ ಒಂದೆರಡು ನಿಮಿಷಗಳನ್ನು ಯಾರೂ ಅವಸರಕ್ಕೆ ಬಲಿಕೊಡಬಾರದು.

ಆ ನಿಮಿಷಗಳಲ್ಲಿ ಕೂಸನ್ನು ಮಾಸಿಗಿಂತ ಕೆಳಗೆ ಹಿಡಿಯಬೇಕು, ಇಲ್ಲದಿದ್ದರೆ ರಕ್ತ ಹಿಂದಕ್ಕೆ ಹರಿದುಹೋಗುತ್ತದೆ ಎಂಬ ನಂಬಿಕೆ ಬಹುಕಾಲ ಇತ್ತು. ಅರ್ಜೆಂಟೀನಾದ ಆಸ್ಪತ್ರೆಗಳಲ್ಲಿ ಸಹಜ ಹೆರಿಗೆಯಾದ ಕೂಸುಗಳನ್ನು ತೂಗಿ ನಡೆಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕೂಸನ್ನು ತಾಯಿಯ ಹೊಟ್ಟೆಯ ಮೇಲೋ ಎದೆಯ ಮೇಲೋ ಮಲಗಿಸಿದರೂ ಸೇರುವ ರಕ್ತದ ಪ್ರಮಾಣ ಕುಂದುವುದಿಲ್ಲ ಎಂದು ತೋರಿಸಿತು. ಆದ್ದರಿಂದ ಅತ್ತು ಉಸಿರಾಡುತ್ತಿರುವ ಕೂಸನ್ನು ಒರೆಸಿ, ತಾಯಿಯ ಬರಿ ಎದೆಯ ಮೇಲೆ ಬೋರಲಾಗಿ, ಮೂಗು ಬಾಯಿ ಮುಚ್ಚದಂತೆ ಮುಖವನ್ನು ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಲು ಕೇಳಿಕೊಳ್ಳಿ. ಕಾಲು ಹಿಡಿದು ತಲೆಕೆಳಗೆ ತೂಗಿ ಬೆನ್ನಿಗೆ ಬಡಿಯುವ ಹಳೆಯ ಪದ್ಧತಿಗೆ ಈಗ ಎಲ್ಲಿಯೂ ಜಾಗವಿಲ್ಲ.

ಬಣ್ಣವನ್ನು ನೋಡುವ ಕ್ರಮ

ಈ ಹೆಜ್ಜೆಯನ್ನು ನಿಧಾನವಾಗಿ ಕಲಿಯಿರಿ, ಏಕೆಂದರೆ ಮನೆಯಲ್ಲಿ ಯಾವ ಯಂತ್ರವೂ ಇಲ್ಲದೆ ರಕ್ತದ ಹರಿವನ್ನು ತಿಳಿಯಲು ನಮಗಿರುವುದು ಕಣ್ಣು ಮತ್ತು ಕೈ ಮಾತ್ರ. ಕೂಸನ್ನು ಕಿಟಕಿಯ ಬೆಳಕಿಗೆ ತನ್ನಿ, ಹಳದಿ ಬಲ್ಬಿನ ಬೆಳಕಿನಲ್ಲಿ ನೀಲಿಯೂ ಕಾಣಿಸದು, ಕಾಮಾಲೆಯೂ ಕಾಣಿಸದು. ಸಮತಟ್ಟಾದ ಜಾಗದಲ್ಲಿ ಅಂಗಾತ ಮಲಗಿಸಿ, ಅಳು ನಿಲ್ಲುವ ತನಕ ಕಾಯಿರಿ.

ಮೊದಲು ನಾಲಿಗೆ ಮತ್ತು ತುಟಿಯ ಒಳಭಾಗವನ್ನು ನೋಡಿ. ಅವು ಗುಲಾಬಿಯಾಗಿದ್ದರೆ ಮೈಯ ಮುಖ್ಯ ಹರಿವಿನಲ್ಲಿ ಆಮ್ಲಜನಕ ಸಾಕಷ್ಟಿದೆ ಎಂದು ತಿಳಿಯಬಹುದು. ಅಂಗೈ, ಅಂಗಾಲು ಮಾತ್ರ ನೀಲಿಯಾಗಿದ್ದು ನಾಲಿಗೆ ಗುಲಾಬಿಯಾಗಿದ್ದರೆ ಅದು ಮೊದಲ ಒಂದೆರಡು ದಿನಗಳಲ್ಲಿ ಬಹಳ ಕೂಸುಗಳಲ್ಲಿ ಕಾಣುವ ಸಹಜ ಸ್ಥಿತಿ. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡು ಹುಟ್ಟಿದ ಕೂಸಿನ ಮುಖವಷ್ಟೇ ಕೆಲವು ದಿನ ನೀಲಿಗಟ್ಟಿರಬಹುದು, ಅಲ್ಲಿಯೂ ನಿರ್ಣಾಯಕವಾದದ್ದು ನಾಲಿಗೆಯೇ. ನಾಲಿಗೆಯೇ ನೀಲಿಯಾಗಿದ್ದರೆ ಅದು ಯಾವ ಭಂಗಿಯಲ್ಲಿಯೂ, ಯಾವ ಋತುವಿನಲ್ಲಿಯೂ ಸಹಜವಲ್ಲ. ಹುಟ್ಟಿದ ಮೊದಲ ಹತ್ತು ನಿಮಿಷಗಳು ಮಾತ್ರ ಇದಕ್ಕೆ ಹೊರತು, ಏಕೆಂದರೆ ಆರೋಗ್ಯವಂತ ಕೂಸಿನ ರಕ್ತದಲ್ಲಿಯೂ ಆಮ್ಲಜನಕ ಮಟ್ಟಕ್ಕೆ ಏರಲು ಅಷ್ಟು ಹೊತ್ತು ಬೇಕಾಗುತ್ತದೆ.

ನಂತರ ಕೈಯ ಹಿಂಬದಿಯಿಂದ ಹೊಟ್ಟೆಯನ್ನೂ ಪಾದವನ್ನೂ ಮುಟ್ಟಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ, ಕೂಸು ಚಳಿಯನ್ನು ತಡೆಯಲು ಚರ್ಮದ ರಕ್ತನಾಳಗಳನ್ನು ಬಿಗಿದು ರಕ್ತವನ್ನು ಒಳಗೆ ಎಳೆದುಕೊಂಡಿದೆ ಎಂದರ್ಥ, ಆಗ ಚರ್ಮದ ಮೇಲೆ ಬಲೆಯಂಥ ಮಚ್ಚೆಗಳೂ ಕಾಣಿಸಬಹುದು. ಬೀದರ್‌ನ ಡಿಸೆಂಬರ್, ಜನವರಿ ಚಳಿಯಲ್ಲಿ ಶಹಾಬಾದ್ ಕಲ್ಲಿನ ನೆಲದ ಮೇಲೆ ತೆಳು ಬಟ್ಟೆ ಹಾಸಿ ಮಲಗಿಸಿದ ಕೂಸಿನಲ್ಲಿ ಹೀಗಾಗುತ್ತದೆ. ಕೆಳಗೆ ದಪ್ಪ ಕೌದಿ ಹಾಸಿ, ತಾಯಿಯ ಎದೆಗೆ ಒತ್ತಿ ಹಿಡಿದರೆ ಬಣ್ಣ ತಿರುಗುತ್ತದೆ. ಹೊಟ್ಟೆಯೂ ತಣ್ಣಗಾಗಿದ್ದರೆ ಅದು ಅಪಾಯ.

ಮೂರನೆಯದು, ಎದೆಯ ನಡುಮೂಳೆಯ ಮೇಲೆ ಬೆರಳ ತುದಿಯಿಂದ ಮೆಲ್ಲಗೆ 5 ಸೆಕೆಂಡು ಒತ್ತಿ ಬಿಡಿ. ಬಿಳಿಚಿದ ಜಾಗಕ್ಕೆ 3 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಕೈ ಕಾಲಿನ ಬೆರಳ ಮೇಲೆ ಇದನ್ನು ಮಾಡಬೇಡಿ, ಚಳಿಗೂ ಜೋತುಬಿದ್ದ ಭಂಗಿಗೂ ಅಲ್ಲಿ ಲೆಕ್ಕ ತಪ್ಪುತ್ತದೆ.

ಭಂಗಿಯಿಂದಲೇ ಹುಟ್ಟುವ ಒಂದು ವಿಚಿತ್ರ ಬಣ್ಣವನ್ನು ಇಲ್ಲಿಯೇ ಹೇಳಬೇಕು. ಎರಡರಿಂದ ಐದು ದಿನದ ಕೂಸನ್ನು ಮಗ್ಗುಲಾಗಿ ಮಲಗಿಸಿದಾಗ ಕೆಲವೊಮ್ಮೆ ಕೆಳಗಿನ ಅರ್ಧ ಮೈ ಕೆಂಪೇರಿ, ಮೇಲಿನ ಅರ್ಧ ಬಿಳಿಚಿ, ಎರಡರ ನಡುವೆ ಹಣೆಯಿಂದ ಹೊಟ್ಟೆಯವರೆಗೆ ಗೆರೆ ಎಳೆದಂತೆ ಕಾಣಿಸುತ್ತದೆ. ಕೆಲವು ಸೆಕೆಂಡುಗಳಿಂದ ಇಪ್ಪತ್ತು ನಿಮಿಷದವರೆಗೆ ಇದ್ದು, ಕೂಸು ಅತ್ತರೆ ಅಥವಾ ಮಗ್ಗುಲು ಬದಲಿಸಿದರೆ ಹೋಗುತ್ತದೆ. ವೈದ್ಯರು ಇದನ್ನು ಹಾರ್ಲೆಕ್ವಿನ್ ಬಣ್ಣ ಬದಲಾವಣೆ ಎನ್ನುತ್ತಾರೆ, 1952ರಿಂದ ಇದು ವೈದ್ಯಸಾಹಿತ್ಯದಲ್ಲಿ ದಾಖಲಾಗಿದೆ. ಚರ್ಮದ ರಕ್ತನಾಳಗಳನ್ನು ಹಿಡಿತದಲ್ಲಿಡುವ ಮಿದುಳಿನ ಭಾಗ ಇನ್ನೂ ಬಲಿಯದಿರುವುದು ಇದಕ್ಕೆ ಕಾರಣವೆಂದು ಭಾವಿಸಲಾಗಿದೆ. ತೂಕ ಕಡಿಮೆಯ ಕೂಸುಗಳಲ್ಲಿ ಹೆಚ್ಚು, ಕಪ್ಪು ಮೈಬಣ್ಣದ ಕೂಸುಗಳಲ್ಲಿ ಗೆರೆ ಅಷ್ಟು ಸ್ಪಷ್ಟವಾಗಿ ಕಾಣದು. ಹಾಲು ಕುಡಿಯುತ್ತಿರುವ, ಚುರುಕಾಗಿರುವ ಕೂಸಿನಲ್ಲಿ ಇದಕ್ಕೆ ಚಿಕಿತ್ಸೆ ಬೇಕಿಲ್ಲ. ದೃಷ್ಟಿಯಾಗಿದೆ ಎಂದು ಹೊಗೆ ಹಾಕುವುದು ಮಾತ್ರ ಕೂಸಿನ ಶ್ವಾಸಕೋಶಕ್ಕೆ ನಿಜವಾದ ಹಾನಿ.

ಮಲಗಿಸುವುದು

ನಿದ್ರೆಗೆ ಒಂದೇ ಭಂಗಿ: ಅಂಗಾತ. ಹಗಲಿನ ಸಣ್ಣ ನಿದ್ರೆಗೂ ಅದೇ, ರಾತ್ರಿಗೂ ಅದೇ. ಎಳೆಮಕ್ಕಳನ್ನು ಮಲಗಿಸಿ ನಡೆಸಿದ ನಿದ್ರೆಯ ಅಧ್ಯಯನಗಳಲ್ಲಿ, ಬೋರಲು ಮಲಗಿದಾಗ ಹೃದಯದ ಬಡಿತ ಏರುವುದು, ರಕ್ತದೊತ್ತಡ ಇಳಿಯುವುದು, ಮಿದುಳಿಗೆ ಸಿಗುವ ಆಮ್ಲಜನಕ ಕಡಿಮೆಯಾಗುವುದು, ಮೈ ಬಿಸಿಯಾಗುವುದು, ಉಸಿರಿಗೆ ಅಡ್ಡಿಯಾದರೂ ಎಚ್ಚರವಾಗುವ ಶಕ್ತಿ ಕುಗ್ಗುವುದು ಕಂಡುಬಂದಿದೆ. ಅಮೆರಿಕದಲ್ಲಿ ಅಂಗಾತ ಮಲಗಿಸುವ ಪ್ರಚಾರ 1994ರಲ್ಲಿ ಆರಂಭವಾದ ನಂತರದ ವರ್ಷಗಳಲ್ಲಿ ತೊಟ್ಟಿಲಲ್ಲಿಯೇ ಹಠಾತ್ತಾಗಿ ಸಾಯುವ ಕೂಸುಗಳ ಪ್ರಮಾಣ ಅರ್ಧದಷ್ಟು ಇಳಿಯಿತು. ಅಂಗಾತ ಮಲಗಿದರೆ ಕಕ್ಕಿದ ಹಾಲು ಉಸಿರುನಾಳಕ್ಕೆ ಹೋಗುತ್ತದೆ ಎಂಬ ಭಯ ನಮ್ಮಲ್ಲಿ ಆಳವಾಗಿದೆ. ಆದರೆ ಅಂಗಾತ ಇದ್ದಾಗ ಅನ್ನನಾಳ ಉಸಿರುನಾಳದ ಕೆಳಗಿರುತ್ತದೆ, ಹಾಲು ಮೇಲೆ ಬಂದರೂ ಕೆಳಗೇ ಜಾರುತ್ತದೆ. ಬೋರಲಾದಾಗ ಇದು ತಿರುವುಮುರುವಾಗುತ್ತದೆ. ಮಗ್ಗುಲಾಗಿ ಮಲಗಿಸಿದ ಕೂಸು ಬೋರಲಿಗೆ ಹೊರಳಬಹುದಾದ್ದರಿಂದ ಆ ಭಂಗಿಯೂ ನಿದ್ರೆಗೆ ಸಲ್ಲದು.

ತಲೆ ಗುಂಡಗಾಗಲೆಂದು ಸಾಸಿವೆ ತುಂಬಿದ ದಿಂಬು ಇಡುವ ರೂಢಿ ಇದೆ. ಹಸುಗೂಸಿನ ತಲೆಯ ಹಿಂಭಾಗ ಮೊದಲೇ ದೊಡ್ಡದು, ದಿಂಬಿಟ್ಟರೆ ಗದ್ದ ಎದೆಗೆ ತಾಗಿ ಉಸಿರಿನ ದಾರಿ ಕಿರಿದಾಗುತ್ತದೆ. ದಿಂಬು ಬೇಡ. ಒಂದು ನಿದ್ರೆಗೆ ತಲೆ ಬಲಕ್ಕೆ, ಮುಂದಿನದಕ್ಕೆ ಎಡಕ್ಕೆ ಹೊರಳುವಂತೆ ನೋಡಿಕೊಳ್ಳಿ, ಕೂಸು ಎಚ್ಚರವಿದ್ದಾಗ ನಿಮ್ಮ ಕಣ್ಣೆದುರಿಗೇ ಸ್ವಲ್ಪ ಹೊತ್ತು ಬೋರಲು ಮಲಗಿಸಿ. ತಲೆ ಚಪ್ಪಟೆಯಾಗದಿರಲು ಅಷ್ಟು ಸಾಕು.

ಬಟ್ಟೆಯ ಜೋಳಿಗೆಯಲ್ಲಿ ಮಲಗಿದ ಕೂಸಿನ ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಗದ್ದ ಎದೆಗೆ ಅಂಟುತ್ತದೆ. ಜೋತುಬಿದ್ದ ಹೊರಸಿನ ಮೇಲೆಯೂ ಹಾಗೆಯೇ. ಹೀಗೆ ಮಡಚಿಕೊಂಡ ಕೂಸಿನಲ್ಲಿ ಆಮ್ಲಜನಕ ಮೆಲ್ಲಗೆ ಇಳಿಯುತ್ತದೆ, ನಿದ್ರೆ ಗಾಢವಾಗಿದೆ ಎಂದು ಮನೆಯವರು ತಿಳಿಯುತ್ತಾರೆ. ತಳ ಗಟ್ಟಿಯಾಗಿ ಸಮತಟ್ಟಾಗಿರುವ ಮರದ ತೊಟ್ಟಿಲು ಒಳ್ಳೆಯದು. ಜೋಳಿಗೆಯೇ ಗತಿಯಾದರೆ ಮೊದಲ ತಿಂಗಳಲ್ಲಿ ಅದನ್ನು ಬಿಟ್ಟು ನೆಲದ ಮೇಲೆ ಮಲಗಿಸಿ. ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಯ ಬಿಸಿಲು 42 ಡಿಗ್ರಿ ದಾಟಿದಾಗ ತಗಡಿನ ಮನೆಯೊಳಗೆ ಕುಂಚಿಗೆ ತೊಡಿಸಬೇಡಿ: ಶಾಖಕ್ಕೆ ಚರ್ಮದ ನಾಳಗಳೆಲ್ಲ ಹಿಗ್ಗಿ ಮೈ ಕೆಂಪೇರುತ್ತದೆ, ಬಡಿತ ಮತ್ತು ಉಸಿರು ಎರಡೂ ಏರುತ್ತವೆ, ಕೂಸಿಗೆ ಶಾಖ ಬಿಡಲು ತಲೆಯೇ ಮುಖ್ಯ ದಾರಿ.

ಎಣ್ಣೆ ಹಚ್ಚಿ ಎರೆಯುವಾಗ

ಎರೆಯುವವರು ಮಣೆಯ ಮೇಲೆ ಕುಳಿತು ಚಾಚಿದ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಳ್ಳುವ ಭಂಗಿಯಲ್ಲಿ ತಪ್ಪಿಲ್ಲ, ಕೂಸಿನ ತಲೆ ಪಾದದ ಕಡೆಗಿದ್ದು ಮೈಗಿಂತ ಕೆಳಗೆ ಇಳಿಯದಿದ್ದರೆ ಸಾಕು. ಬೋರಲು ಮಾಡಿ ಬೆನ್ನಿಗೆ ನೀರು ಹಾಕುವಾಗ ಮುಖ ಪಕ್ಕಕ್ಕಿರಲಿ, ಬಿಸಿನೀರನ್ನು ಎತ್ತರದಿಂದ ರಭಸವಾಗಿ ಸುರಿಯಬಾರದು. ಎಣ್ಣೆಯನ್ನು ಮೃದುವಾಗಿ ತೀಡಿದರೆ ಚರ್ಮಕ್ಕೂ ನಿದ್ರೆಗೂ ಒಳ್ಳೆಯದು, ಬಲವಾಗಿ ತಿಕ್ಕಿದರೆ ರಕ್ತ ಚೆನ್ನಾಗಿ ಓಡುತ್ತದೆ ಎಂಬುದು ಸರಿಯಲ್ಲ.

ನಿಲ್ಲಿಸಲೇಬೇಕಾದದ್ದು ಒಂದಿದೆ. ಎರೆದಾದ ಮೇಲೆ ಮೈ ಸಡಿಲಾಗಲೆಂದು ಎರಡೂ ಕಾಲು ಹಿಡಿದು ಕೂಸನ್ನು ತಲೆಕೆಳಗಾಗಿ ಎತ್ತಿ ಜಾಡಿಸುವುದು. ಆ ಕ್ಷಣದಲ್ಲಿ ಮೈಯ ರಕ್ತ ತಲೆಯ ಕಡೆಗೆ ನುಗ್ಗುತ್ತದೆ, ತಲೆಯಿಂದ ಹೃದಯಕ್ಕೆ ಮರಳಬೇಕಾದ ರಕ್ತ ಅಲ್ಲಿಯೇ ತುಂಬಿ ಮಿದುಳಿನ ಎಳೆ ನಾಳಗಳ ಮೇಲೆ ಒತ್ತಡ ಏರುತ್ತದೆ, ಹೊಟ್ಟೆಯಲ್ಲಿದ್ದ ಹಾಲು ಗಂಟಲಿಗೆ ಬರುತ್ತದೆ. ಜಾಡಿಸಿದಾಗ, ಕೊರಳಿನಲ್ಲಿ ಬಲವಿಲ್ಲದ ಕಾರಣ, ಮಿದುಳು ತಲೆಬುರುಡೆಯೊಳಗೆ ಅಲುಗಿ ರಕ್ತನಾಳ ಹರಿಯುವ ಸಾಧ್ಯತೆಯೂ ಇದೆ. ನಾನು ಗಟ್ಟಿಯಾಗಿ ಹೇಳುವುದು ಇದನ್ನೇ: ಅಜ್ಜಿಯ ಮೇಲೆ ಗೌರವವಿಟ್ಟೇ, ಅವರ ಕೈ ಹಿಡಿದು ಇದೊಂದನ್ನು ಬಿಡಿಸಿ. "ಅವ್ವಾ, ಎಣ್ಣಿ ಹಚ್ಚು, ಎರಿ, ಕಾಲ್ ಹಿಡದ್ ಮಾತ್ರ ಎತ್ತಬ್ಯಾಡ" ಎಂದು ಸೊಸೆ ಹೇಳಲಾಗದಿದ್ದರೆ ಆಶಾ ಕಾರ್ಯಕರ್ತೆಯಿಂದ ಹೇಳಿಸಿ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ 3, 7, 14, 21, 28 ಮತ್ತು 42ನೇ ದಿನ ಬರಬೇಕು, ಆ ಭೇಟಿಗಳ ಹೊತ್ತಿಗೇ ಎರೆಯುವ ಕೆಲಸ ಇಟ್ಟುಕೊಂಡರೆ ಮಾತು ಸುಲಭವಾಗುತ್ತದೆ.

ನೆತ್ತಿಯನ್ನು ಮುಟ್ಟಿ ನೋಡುವುದಾದರೆ ಕೂಸು ಅಳದೆ ಇರುವಾಗ, ಎದೆಗೆ ನೆಟ್ಟಗೆ ಆನಿಸಿಕೊಂಡು ನೋಡಿ. ಅಳುವಾಗ ಮತ್ತು ಮಲಗಿದ್ದಾಗ ನೆತ್ತಿ ತುಸು ಉಬ್ಬುವುದು ಸಹಜ. ನೆಟ್ಟಗಿದ್ದು ಸುಮ್ಮನಿರುವಾಗಲೂ ಉಬ್ಬಿ ಬಿಗಿದಿದ್ದರೆ ತೋರಿಸಬೇಕು.

ಸುತ್ತುವ ಬಟ್ಟೆ, ಉಡದಾರ, ಕಡಗ

ಕಾಲುಗಳನ್ನು ನೇರ ಎಳೆದು ಬಿಗಿಯಾಗಿ ಸುತ್ತಬೇಡಿ, ಗರ್ಭದಲ್ಲಿ ಮಡಚಿಕೊಂಡಿದ್ದ ತೊಡೆಗಳು ಕಪ್ಪೆಯಂತೆ ಅಗಲವಾಗಿ ಮಡಚಿಕೊಂಡೇ ಇರಲಿ. ಎದೆಯ ಮೇಲಿನ ಬಟ್ಟೆಯೊಳಗೆ ನಿಮ್ಮ ಅಂಗೈ ಸಲೀಸಾಗಿ ತೂರಬೇಕು. ಕರಿದಾರ, ಉಡದಾರ, ಬೆಳ್ಳಿ ಕಡಗಗಳನ್ನು ಕಟ್ಟಿದ ದಿನ ಸಡಿಲಾಗಿದ್ದರೂ ಕೂಸು ದಿನೇ ದಿನೇ ತುಂಬಿಕೊಳ್ಳುತ್ತದೆ. ದಾರದ ಕೆಳಗೆ ಊತ, ಕಡುಕೆಂಪು ಅಥವಾ ನೀಲಿ ಕಂಡರೆ ತಕ್ಷಣ ಕತ್ತರಿಸಿ. ಕಾರಣವಿಲ್ಲದೆ ಅಳುವ ಕೂಸಿನ ಕೈಬೆರಳು, ಕಾಲ್ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ತಾಯಿಯ ಉದುರಿದ ಕೂದಲೊಂದು ಸುತ್ತಿಕೊಂಡು ರಕ್ತ ನಿಂತಿರಬಹುದು.

ತೂಕ ಕಡಿಮೆಯ ಕೂಸಿಗೆ

ತೀರ ಮುಂಚಿತವಾಗಿ ಹುಟ್ಟಿದ ಕೂಸಿನ ಮಿದುಳಿನಲ್ಲಿ ರಕ್ತಸ್ರಾವವಾಗುವ ಅಪಾಯ ಮೊದಲ 72 ಗಂಟೆಗಳಲ್ಲಿ ಹೆಚ್ಚು. ತಲೆ ಒಂದೇ ಪಕ್ಕಕ್ಕೆ ಪೂರ್ತಿ ತಿರುಗಿದರೆ ಆ ಪಕ್ಕದ ಕೊರಳಿನ ಅಭಿಧಮನಿ ಒತ್ತಿ ರಕ್ತ ಇಳಿಯುವುದು ನಿಧಾನವಾಗುತ್ತದೆ. ಆದ್ದರಿಂದ ಆಸ್ಪತ್ರೆಗಳ ನವಜಾತ ಶಿಶು ತೀವ್ರ ನಿಗಾ ಘಟಕಗಳು ಹಲವುದರಲ್ಲಿ ಆ ದಿನಗಳಲ್ಲಿ ತಲೆಯನ್ನು ಮೂಗು ಹೊಕ್ಕುಳ ಒಂದೇ ನೇರಕ್ಕೆ ಬರುವಂತೆ ಇಡುತ್ತಾರೆ, ಬಟ್ಟೆ ಬದಲಿಸುವಾಗ ಕಾಲು ಮೇಲೆತ್ತದೆ ಮೈಯನ್ನು ಮೆಲ್ಲಗೆ ಹೊರಳಿಸುತ್ತಾರೆ. ಇದರಿಂದ ರಕ್ತಸ್ರಾವ ಎಷ್ಟು ತಗ್ಗುತ್ತದೆ ಎಂಬುದಕ್ಕೆ ಪುರಾವೆ ಇನ್ನೂ ಗಟ್ಟಿಯಾಗಿಲ್ಲ, ಆದರೂ ಇದು ಹಾನಿಯಿಲ್ಲದ ಎಚ್ಚರಿಕೆ. ಅದೇ ಘಟಕದಲ್ಲಿ ಉಸಿರಿನ ತೊಂದರೆಯ ಕೂಸನ್ನು ಬೋರಲು ಮಲಗಿಸಿರುವುದನ್ನು ನೀವು ಕಾಣಬಹುದು. ಅಲ್ಲಿ ಬಡಿತವನ್ನೂ ಆಮ್ಲಜನಕವನ್ನೂ ಯಂತ್ರ ಸದಾ ಕಾಯುತ್ತಿರುತ್ತದೆ, ಅದನ್ನು ನೋಡಿ ಬಂದು ಮನೆಯಲ್ಲಿ ಮಾಡಬಾರದು.

ಮನೆಯಲ್ಲಿಯೂ ಮಾಡಬಹುದಾದದ್ದು ಕಾಂಗರೂ ಆರೈಕೆ, 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಕೂಸನ್ನು ಬೆಚ್ಚಗಿಡುವ ಪೆಟ್ಟಿಗೆಗಳಾದ ಇನ್‌ಕ್ಯುಬೇಟರುಗಳ ಕೊರತೆಯ ನಡುವೆ ಆರಂಭವಾದ ಪದ್ಧತಿ. ತಾಯಿ 30ರಿಂದ 45 ಡಿಗ್ರಿಯಷ್ಟು ಹಿಂದಕ್ಕೆ ಒರಗಿ ಕುಳಿತು, ಡಯಾಪರ್ ಮತ್ತು ಟೋಪಿ ಮಾತ್ರ ತೊಟ್ಟ ಕೂಸನ್ನು ತನ್ನ ಬರಿ ಎದೆಯ ನಡುವೆ ನೆಟ್ಟಗೆ ಇಟ್ಟುಕೊಳ್ಳಬೇಕು. ಕೂಸಿನ ಮುಖ ಪಕ್ಕಕ್ಕೆ, ಕುತ್ತಿಗೆ ತುಸುವೇ ಮೇಲಕ್ಕೆ, ತೊಡೆಗಳು ಕಪ್ಪೆಯಂತೆ, ಹೊಟ್ಟೆ ತಾಯಿಯ ಮೇಲುಹೊಟ್ಟೆಗೆ ತಾಗುವಂತೆ ಇರಲಿ. ಮೇಲಿನಿಂದ ಹತ್ತಿಯ ಸೀರೆಯಿಂದ ಬಿಗಿಯದೆ ಕಟ್ಟಿಕೊಳ್ಳಬಹುದು. ಬೆಚ್ಚಗಾದ ಕೂಸಿನ ನಾಳಗಳು ಸಡಿಲಗೊಂಡು ಪಾದ ಗುಲಾಬಿಯಾಗುತ್ತದೆ, ಬಡಿತ ಮತ್ತು ಉಸಿರು ಒಂದು ಹದಕ್ಕೆ ಬರುತ್ತವೆ. ದಿನಕ್ಕೆ 8 ಗಂಟೆಗೆ ಕಡಿಮೆಯಿಲ್ಲದೆ, ಸಾಧ್ಯವಾದಷ್ಟು ಹೆಚ್ಚು ಹೊತ್ತು ಹೀಗೆ ಇಟ್ಟುಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ತಾಯಿಗೆ ದಣಿವಾದರೆ ಅಪ್ಪ, ಅಜ್ಜಿ ಯಾರೂ ಇಟ್ಟುಕೊಳ್ಳಬಹುದು.

ಹೃದಯದಲ್ಲಿಯೇ ದೋಷವಿದ್ದರೆ

ಹೆರಿಗೆಯಾಗಿ 24 ಗಂಟೆ ಕಳೆದ ಮೇಲೆ, ಮನೆಗೆ ಹೊರಡುವ ಮುನ್ನ, ಕೂಸಿನ ಬಲಗೈಗೂ ಒಂದು ಕಾಲಿಗೂ ರಕ್ತದಲ್ಲಿನ ಆಮ್ಲಜನಕವನ್ನು ಅಳೆಯುವ ಪಲ್ಸ್ ಆಕ್ಸಿಮೀಟರ್ ಇಟ್ಟು ನೋಡುವಂತೆ ಕೇಳಿ. ಅಡ್ಡನಾಳ ಕೂಡುವ ಜಾಗಕ್ಕಿಂತ ಮೊದಲೇ ಕವಲೊಡೆದ ರಕ್ತ ಬಲಗೈಗೆ ಹೋಗುತ್ತದೆ, ಕಾಲಿಗೆ ಅದರ ನಂತರದ್ದು. ಎರಡೂ ಕಡೆ ಆಮ್ಲಜನಕದ ಮಟ್ಟ ಶೇಕಡಾ 95ಕ್ಕೆ ಕಡಿಮೆಯಿಲ್ಲದೆ, ನಡುವಿನ ವ್ಯತ್ಯಾಸ 3ಕ್ಕಿಂತ ಹೆಚ್ಚಿಲ್ಲದಿದ್ದರೆ ಒಳ್ಳೆಯದು.

ಕೆಲವು ಹುಟ್ಟು ಹೃದಯದೋಷಗಳಲ್ಲಿ ಕೂಸು ಅಳುವಾಗ ಇದ್ದಕ್ಕಿದ್ದಂತೆ ಕಡುನೀಲಿಯಾಗುತ್ತದೆ. ಆಗ ಕೂಸನ್ನು ಎದೆಗೆ ಅವುಚಿಕೊಂಡು ಎರಡೂ ಮೊಣಕಾಲುಗಳನ್ನು ಮಡಚಿ ಅದರ ಎದೆಗೆ ಒತ್ತಿ ಹಿಡಿಯಬೇಕು. ಕಾಲಿನ ನಾಳಗಳು ಮಡಚಿ ಮೈಯ ಕಡೆಯ ಒತ್ತಡ ಏರಿದಾಗ ರಕ್ತ ಶ್ವಾಸಕೋಶದ ಕಡೆಗೆ ತಿರುಗಿ ನೀಲಿ ತಗ್ಗುತ್ತದೆ. ಭಂಗಿಯೇ ತುರ್ತು ಚಿಕಿತ್ಸೆಯಾಗುವ ಸಂದರ್ಭ ಇದು. ನೀಲಿ ತಗ್ಗಿದರೂ ಆಸ್ಪತ್ರೆಗೆ ಹೋಗಲೇಬೇಕು.

ಆಸ್ಪತ್ರೆಗೆ ಒಯ್ಯುವಾಗ

ನಾಲಿಗೆ ನೀಲಿ, ಮೊಲೆ ಹಿಡಿದು ಬಿಟ್ಟು ಹಣೆ ಬೆವರುವುದು, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಉಸಿರು, ಎದೆ ಒಳಗೆ ಸೇದುವುದು, ಹೊಟ್ಟೆಯೂ ತಣ್ಣಗಾಗುವುದು, ಒತ್ತಿದ ಜಾಗಕ್ಕೆ ಬಣ್ಣ ತಡವಾಗಿ ಮರಳುವುದು, ಮುಟ್ಟಿದರೂ ಮೈ ಅಲುಗಿಸದಿರುವುದು: ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಜಿಲ್ಲಾ ಮಟ್ಟದ ಸರ್ಕಾರಿ ವೈದ್ಯಕೀಯ ಸಂಸ್ಥೆಗಳು. ಹೃದಯದ ತೊಂದರೆ ಎಂದು ಅಲ್ಲಿ ತಿಳಿದರೆ ಮುಂದೆ ಎಲ್ಲಿಗೆ ಕಳಿಸಬೇಕೆಂದು ವೈದ್ಯರೇ ತೀರ್ಮಾನಿಸುತ್ತಾರೆ.

ದಾರಿಯಲ್ಲಿ ಕೂಸು ತಾಯಿಯ ಬರಿ ಎದೆಯ ಮೇಲೆ, ಕಾಂಗರೂ ಭಂಗಿಯಲ್ಲಿಯೇ ಇರಲಿ. ಬೈಕಿನ ಮೇಲೆ ಇಬ್ಬರ ನಡುವೆ ಒತ್ತಿ ಹಿಡಿದ ಕೂಸಿನ ಗದ್ದ ಎದೆಗೆ ತಾಗುತ್ತದೆ, ಸೆರಗು ಮುಖ ಮುಚ್ಚುತ್ತದೆ. ಆಟೋ ಅಥವಾ ಜೀಪೇ ಆದರೆ ಮುಖ ತೆರೆದಿರಲಿ, ಎರಡೆರಡು ನಿಮಿಷಕ್ಕೆ ತುಟಿಯ ಬಣ್ಣ ನೋಡುತ್ತಿರಿ. ಬಣ್ಣ ಬದಲಾದದ್ದು ಯಾವ ಭಂಗಿಯಲ್ಲಿ, ಹಾಲು ಕುಡಿಯುವಾಗಲೋ ಅಳುವಾಗಲೋ ಮಲಗಿದ್ದಾಗಲೋ, ಎಷ್ಟು ಹೊತ್ತು ಇತ್ತು, ಏನು ಮಾಡಿದಾಗ ಹೋಯಿತು ಎಂಬುದನ್ನು ವೈದ್ಯರಿಗೆ ಹೇಳಿ, ಸಾಧ್ಯವಾದರೆ ಆ ಹೊತ್ತಿನಲ್ಲಿಯೇ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ತೋರಿಸಿ.